ಹೆಜ್ಜೆಗಿಂತ ಮೊದಲೇ ಹೊರಡುವ ಮನಸ್ಸು

ಪ್ರಶ್ನೆ: ನನಗೆ 51 ವರ್ಷ. ಮೈಸೂರಿನವಳು, ಹನ್ನೆರಡು ವರ್ಷದಿಂದ ಸಿಂಗಪುರದಲ್ಲಿದ್ದೇನೆ. ಮನೆ ಹತ್ತಿರದ ಪಾರ್ಕಿನಲ್ಲಿ ಬೆಳಿಗ್ಗೆ ತೈಚಿ ಮಾಡುವ ಚೀನೀ ಹಿರಿಯರ ಗುಂಪಿಗೆ ಸೇರಿ ಎರಡು ವರ್ಷವಾಯಿತು. 24 ಭಂಗಿಗಳನ್ನು ಒಂದರ ಹಿಂದೊಂದು ಮಾಡುವ ಫಾರ್ಮ್ ಈಗ ಬಾಯಿಪಾಠದ ಹಾಗೆ ಬರುತ್ತದೆ. ಆದರೆ ಎಲ್ಲರೂ ಹೇಳುವ ಶಾಂತಿ ನನಗೆ ಸಿಕ್ಕಿಲ್ಲ. ಕೈಗಳು ತೇಲುತ್ತಿರುತ್ತವೆ, ತಲೆಯಲ್ಲಿ ಆಫೀಸಿನ ಲೆಕ್ಕ ಓಡುತ್ತಿರುತ್ತದೆ. ಮೂರು ತಿಂಗಳಿಂದ ಎಡ ಮೊಣಕಾಲಿನ ಒಳಬದಿ ನೋಯುತ್ತಿದೆ. ಇದನ್ನು ‘ಒಳಗಿನ ಕಲೆ’ ಅನ್ನುತ್ತಾರಲ್ಲ, ಆ ‘ಒಳಗೆ’ ಅಂದರೆ ಏನು? ನಮ್ಮ ಪ್ರಾಣವೇ ಅವರ ‘ಚಿ’ಯೇ? ಅಭ್ಯಾಸ ಮುಗಿದ ಮೇಲೆ ಕೆಲವರು ಜೋಡಿಯಾಗಿ ನಿಂತು ಕೈಗೆ ಕೈ ತಾಗಿಸಿ ತಳ್ಳಾಡುತ್ತಾರೆ. ನನಗೆ ಸಂಕೋಚ, ದೂರ ನಿಲ್ಲುತ್ತೇನೆ. ನನ್ನ ಮಗನಂತೂ ಇದು ಹೊಡೆದಾಟದ ಕಲೆ ಎಂದು ನಂಬುವುದೇ ಇಲ್ಲ. ಈ ವಯಸ್ಸಿಗೆ ಶುರು ಮಾಡಿದ್ದು ತಡವಾಯಿತೇ?

ಉತ್ತರ: ಮೊದಲು ಮೊಣಕಾಲಿನ ಮಾತು. ಊತ ಇದ್ದರೆ, ನಡೆಯುವಾಗ ಕೀಲು ಹಿಡಿದುಕೊಂಡಂತಾದರೆ, ಮೆಟ್ಟಿಲಿಳಿಯುವಾಗ ಕಾಲು ಕುಸಿದಂತಾದರೆ, ಮೂಳೆ ವೈದ್ಯರಿಗೆ ತೋರಿಸಿ. ಅವರು ಸರಿ ಅನ್ನುವ ತನಕ ಫಾರ್ಮ್ ಬೇಡ. ಅಂಥದ್ದೇನೂ ಇಲ್ಲ, ಅಭ್ಯಾಸದ ನಂತರ ಸ್ವಲ್ಪ ಹೊತ್ತು ನೋಯುತ್ತದೆ ಅಷ್ಟೇ ಎನ್ನುವುದಾದರೆ ಮುಂದೆ ಓದಿ. ನೀವು ಎರಡು ತೊಂದರೆ ಹೇಳಿಕೊಂಡಿದ್ದೀರಿ, ಮೊಣಕಾಲು ನೋವು ಒಂದು, ಮನಸ್ಸು ನಿಲ್ಲದಿರುವುದು ಇನ್ನೊಂದು. ಇಷ್ಟು ವರ್ಷ ಕಲಿತು, ಕಲಿಸಿ ನಾನು ಕಂಡುಕೊಂಡದ್ದು, ಇವೆರಡೂ ಬಹಳ ಸಲ ಒಂದೇ ತಪ್ಪಿನಿಂದ ಹುಟ್ಟುತ್ತವೆ.

ನಿಮ್ಮ ಫಾರ್ಮಿನ ನಾಲ್ಕನೆಯ ಭಂಗಿಯನ್ನೇ ತೆಗೆದುಕೊಳ್ಳಿ. ಒಂದು ಕೈ ಮೊಣಕಾಲಿನ ಮುಂದೆ ಸವರಿಕೊಂಡು ಹೋಗುತ್ತದೆ, ಇನ್ನೊಂದು ಕೈ ಕಿವಿಯ ಪಕ್ಕದಿಂದ ಮುಂದಕ್ಕೆ ತಳ್ಳುತ್ತದೆ, ಕಾಲು ಮುಂದಡಿ ಇಡುತ್ತದೆ. ಎಡಕ್ಕೆ, ಬಲಕ್ಕೆ, ಮತ್ತೆ ಎಡಕ್ಕೆ. ಮೊದಲನೆಯದು ಮುಗಿದಾಗ ನಿಮ್ಮ ಎಡಗಾಲು ಮುಂದಿರುತ್ತದೆ, ಮೈಯ ಹೆಚ್ಚಿನ ತೂಕ ಅದರ ಮೇಲಿರುತ್ತದೆ. ಈಗ ಬಲಗಾಲನ್ನು ಮುಂದೆ ತರಬೇಕು. ಕ್ರಮ ಏನು? ತೂಕವನ್ನು ಹಿಂದಿನ ಬಲಗಾಲಿಗೆ ವಾಪಸ್ ತರಬೇಕು. ಎಡಪಾದದ ಮುಂಭಾಗ ಹಗುರಾಗಿ ಮೇಲೇಳಬೇಕು. ತೊಡೆಸಂದಿನಿಂದ ಇಡೀ ಎಡಗಾಲು ಹೊರಕ್ಕೆ ತಿರುಗಬೇಕು, ಪಾದವೂ ಮೊಣಕಾಲೂ ಒಂದೇ ಕಡೆ ನೋಡುವ ಹಾಗೆ. ಆಮೇಲೆ ಆ ಕಾಲಿನ ಮೇಲೆ ಪೂರ್ತಿ ತೂಕ ಇಳಿಯಬೇಕು. ಬಲಗಾಲು ನೆಲ ಬಿಡುವುದು ಆಮೇಲೆ.

ನಿಜವಾಗಿ ಆಗುವುದು ಬೇರೆ. ಭಂಗಿ ಗೊತ್ತಿರುವ ಮನಸ್ಸು ಆಗಲೇ ಮುಂದಿನ ಹೆಜ್ಜೆಯಲ್ಲಿರುತ್ತದೆ, ಬಲಗೈ ಎಲ್ಲಿ ಬರಬೇಕು ಎಂದು ಯೋಚಿಸುತ್ತಿರುತ್ತದೆ. ತೂಕ ಅರ್ಧ ಹಿಂದೆ ಬಂದಿರುತ್ತದೆ, ಅರ್ಧ ಅಲ್ಲೇ ಉಳಿದಿರುತ್ತದೆ. ಪಾದ ಮಾತ್ರ ಹಿಮ್ಮಡಿಯ ಮೇಲೆ ಗಿರಕ್ಕನೆ ಹೊರಳುತ್ತದೆ, ತೊಡೆ ಹಳೆಯ ದಿಕ್ಕಿನಲ್ಲೇ ಇರುತ್ತದೆ. ಅದರ ಮೇಲೆ ಐವತ್ತು ಅರವತ್ತು ಕಿಲೋ ಬಂದು ಕೂರುತ್ತದೆ. ಮೊಣಕಾಲು ಮುಖ್ಯವಾಗಿ ಬಾಗಿಲ ಕೀಲಿನ ಹಾಗೆ ಮಡಚಿ ಬಿಚ್ಚುವ ಜಾಗ. ತಿರುಗುವ ಕೆಲಸಕ್ಕೆ ಮೇಲೆ ಸೊಂಟದ ಕೀಲು ಇದೆ. ಮೇಲಿನದು ತಿರುಗದಿದ್ದರೆ ಆ ತಿರುಚು ಮಧ್ಯದಲ್ಲಿರುವ ಮೊಣಕಾಲಿಗೆ ಬೀಳುತ್ತದೆ, ಅದು ಒಳಕ್ಕೆ ಕುಸಿಯುತ್ತದೆ, ಒಳಬದಿ ನೋಯುತ್ತದೆ. ಒಂದು ಸಲ ಆದರೆ ಗೊತ್ತೂ ಆಗುವುದಿಲ್ಲ. ದಿನಕ್ಕೆ ಹತ್ತಿಪ್ಪತ್ತು ಸಲದಂತೆ ಎರಡು ವರ್ಷ ಆದರೆ ನೀವು ಬರೆದ ಪತ್ರ ಆಗುತ್ತದೆ.

ನನಗೂ ಇದೇ ಆಗಿತ್ತು. ಕಲಿಯಲು ಶುರು ಮಾಡಿದ ನಾಲ್ಕನೆಯ ವರ್ಷ ಎರಡು ತಿಂಗಳು ಮೆಟ್ಟಿಲಿಳಿಯಲು ಕಂಬಿ ಹಿಡಿಯಬೇಕಾಯಿತು. ಆಗ ನಾನು ಕಲಿಯುತ್ತಿದ್ದ ಕಡೆ ಇನ್ನೂ ಕೆಳಗೆ ಕೂರು, ಇನ್ನೂ ಕೆಳಗೆ ಎಂದಷ್ಟೇ ಹೇಳುತ್ತಿದ್ದರು, ಮೊಣಕಾಲು ಯಾವ ಕಡೆ ನೋಡುತ್ತಿದೆ ಎಂದು ಯಾರೂ ಗಮನಿಸಲಿಲ್ಲ. ಬೇರೆ ಒಬ್ಬ ಹಿರಿಯರು ನನ್ನ ಫಾರ್ಮ್ ಪೂರ್ತಿ ನೋಡಲೇ ಇಲ್ಲ. ಮೂರು ಹೆಜ್ಜೆ ನೋಡಿ, “ನೀನು ಇಲ್ಲಿಲ್ಲ, ನಿನ್ನ ಕಾಲು ಮಾತ್ರ ಇದೆ” ಎಂದರು. ಆರು ವಾರ ಬರೀ ನಡೆಸಿದರು. ನೋವೂ ಹೋಯಿತು. ತೈಚಿ ನನಗೆ ಸ್ವಲ್ಪ ಅರ್ಥವಾದದ್ದೂ ಆ ಆರು ವಾರದಲ್ಲೇ.

ನಿಮಗೂ ಅದನ್ನೇ ಹೇಳುತ್ತೇನೆ. ಫಾರ್ಮ್ ಬದಿಗಿಟ್ಟು ದಿನಾ ಹತ್ತು ನಿಮಿಷ ನಡೆಯಿರಿ. ಕೈ ಸೊಂಟದ ಮೇಲಿರಲಿ. ಮೊಣಕಾಲು ಸ್ವಲ್ಪವೇ ಬಾಗಲಿ, ಆಳಕ್ಕೆ ಕೂರುವುದು ಬೇಡ. ಬಲಗಾಲಿನ ಮೇಲೆ ಪೂರ್ತಿ ಕೂತು, ಎಡ ಹಿಮ್ಮಡಿಯನ್ನು ಮುಂದಿಡಿ. ಇಟ್ಟ ಮೇಲೆ ಒಂದು ಪರೀಕ್ಷೆ ಮಾಡಿ: ಮೈ ಅಲುಗಾಡಿಸದೆ ಆ ಕಾಲನ್ನು ವಾಪಸ್ ಎತ್ತಿಕೊಳ್ಳಲು ಆಗುತ್ತದೆಯೇ? ಆಗದಿದ್ದರೆ ಕಾಲು ಇಟ್ಟದ್ದಲ್ಲ, ಅದರ ಮೇಲೆ ಬಿದ್ದದ್ದು. ಎತ್ತಲು ಬಂದರೆ ಸರಿ, ಈಗ ತೂಕವನ್ನು ನಿಧಾನವಾಗಿ ಮುಂದಕ್ಕೆ ಸುರಿಯಿರಿ. ಮೊಣಕಾಲು ಹೆಬ್ಬೆರಳ ಪಕ್ಕದ ಬೆರಳಿನ ದಿಕ್ಕಿಗೇ ಹೋಗಬೇಕು, ಕಾಲ್ಬೆರಳ ತುದಿ ದಾಟಬಾರದು. ಪಾದ ಹೊರಳಿಸುವ ಮುನ್ನ ಅದು ಖಾಲಿ ಇದೆಯೇ ಎಂದು ಪ್ರತಿ ಸಲ ಕೇಳಿಕೊಳ್ಳಿ. ಹಾಲಿನ ಲೋಟ ಅಂಚಿನ ತನಕ ತುಂಬಿ ಅಡುಗೆಮನೆಯಿಂದ ತರುವಾಗ ಮನಸ್ಸು ಎಲ್ಲಿರುತ್ತದೆ ನೋಡಿದ್ದೀರಾ? ಲೋಟದ ಅಂಚಿನಲ್ಲಿ. ಆಗ ಆಫೀಸಿನ ಲೆಕ್ಕ ಬರುವುದಿಲ್ಲ. ಬಂದರೆ ಹಾಲು ಚೆಲ್ಲುತ್ತದೆ, ತಕ್ಷಣ ಗೊತ್ತಾಗುತ್ತದೆ. ತೂಕವನ್ನು ಹಾಗೆ ಹಿಡಿದುಕೊಂಡು ಹೋಗುವುದು.

ಇಲ್ಲಿಯೇ ನಿಮ್ಮ ಮನಸ್ಸಿನ ಪ್ರಶ್ನೆಗೂ ಉತ್ತರ ಇದೆ. ಮನಸ್ಸಿಗೆ ‘ಸುಮ್ಮನಿರು’ ಎಂದರೆ ಅದು ಸುಮ್ಮನಿರುವುದಿಲ್ಲ. ಅಲೆದಾಡಲು ಪುರಸೊತ್ತು ಸಿಗದಷ್ಟು ಸೂಕ್ಷ್ಮವಾದ ಕೆಲಸ ಕೊಟ್ಟರೆ ತಾನಾಗಿ ಕೂರುತ್ತದೆ. ಬಾಯಿಪಾಠವಾದ ಫಾರ್ಮ್ ಅಂಥ ಕೆಲಸವಲ್ಲ, ಕೈಕಾಲು ತಮ್ಮಷ್ಟಕ್ಕೆ ಅದನ್ನು ಮಾಡಿಕೊಂಡು ಹೋಗುತ್ತವೆ, ಮನಸ್ಸು ರಜೆ ಹಾಕುತ್ತದೆ. ತೈಚಿಯ ಯಾಂಗ್ ಮನೆತನದ ಶೈಲಿಯನ್ನು ಚೀನಾದ ತುಂಬ ಹರಡಿದ ಯಾಂಗ್ ಚೆಂಗ್‌ಫು (1883–1936) ಶಿಷ್ಯರಿಗೆ ಹೇಳಿ ಬರೆಸಿದ ಹತ್ತು ಸೂತ್ರಗಳಿವೆ. ಅದರಲ್ಲಿ ‘ಚಲನೆಯೊಳಗೆ ನಿಶ್ಚಲತೆ ಹುಡುಕು’ ಎನ್ನುವುದು ಹತ್ತನೆಯದು. ‘ಖಾಲಿ ಯಾವುದು, ತುಂಬಿದ್ದು ಯಾವುದು ಬೇರೆ ಮಾಡು’ ಎನ್ನುವುದು ನಾಲ್ಕನೆಯದು. ಖಾಲಿ, ತುಂಬಿದ್ದು ಅಂದರೆ ಮೊದಲಿಗೆ ಕಾಲುಗಳೇ. ನೀವು ನಾಲ್ಕನೆಯದನ್ನು ಹಾರಿ ಹತ್ತನೆಯದಕ್ಕೆ ಕೈ ಚಾಚುತ್ತಿದ್ದೀರಿ. ನಿಮ್ಮದೊಂದೇ ತಪ್ಪಲ್ಲ, ಶಾಂತಿ ಸಿಗುತ್ತದೆ ಎಂದು ಹೇಳಿ ಕರೆದು, ಪಾದದ ವಿಷಯ ಹೇಳದೆ ಬಿಡುವವರ ತಪ್ಪು ಹೆಚ್ಚು.

ಈಗ ‘ಚಿ’. ಒಂದು ಗೊಂದಲ ಮೊದಲು ಬಿಡಿಸೋಣ. ತೈಚಿ ಎಂಬ ಹೆಸರಿನಲ್ಲಿರುವ ‘ಚಿ’ಗೂ ಉಸಿರು, ಶಕ್ತಿ ಎಂಬ ಅರ್ಥದ ‘ಚಿ’ಗೂ ಸಂಬಂಧವಿಲ್ಲ. ಚೀನೀ ಭಾಷೆಯಲ್ಲಿ ಅವು ಬೇರೆ ಅಕ್ಷರ, ಬೇರೆ ಉಚ್ಚಾರ. ಕಲೆಯ ಪೂರ್ತಿ ಹೆಸರು ತೈಜಿಚ್ವೆನ್. ‘ತೈ’ ಅಂದರೆ ಪರಮ. ‘ಜಿ’ ಅಂದರೆ ತುತ್ತತುದಿ, ಮೂಲದಲ್ಲಿ ಮನೆಯ ಮಾಡಿನ ನೆತ್ತಿಯ ತೊಲೆಗೆ ಇದ್ದ ಅಕ್ಷರ ಅದು. ‘ಚ್ವೆನ್’ ಅಂದರೆ ಮುಷ್ಟಿ, ಅಂದರೆ ಕಾದಾಟದ ವಿದ್ಯೆ. ಎರಡು ಕಡೆಯ ಇಳಿಜಾರು ಮಾಡುಗಳು ಒಂದೇ ತೊಲೆಗೆ ಒರಗಿ ನಿಂತ ಹಾಗೆ ಯಿನ್ ಮತ್ತು ಯಾಂಗ್ ಎಂಬ ಎದುರುಬದುರಿನ ಎರಡು ಗುಣಗಳು ಎಂದು ನಾನು ಅರ್ಥ ಮಾಡಿಕೊಂಡಿದ್ದೇನೆ. ಒಂದು ಕಾಲು ತುಂಬುವಾಗ ಇನ್ನೊಂದು ಬರಿದಾಗುತ್ತದೆ, ನಡುವೆ ಬೆನ್ನುಮೂಳೆ ನೆಟ್ಟಗೆ ನಿಲ್ಲುತ್ತದೆ.

ಉಸಿರಿನ ಆ ಇನ್ನೊಂದು ‘ಚಿ’ಯೂ ಈ ಕಲೆಯಲ್ಲಿ ಇದೆ. ಅದನ್ನು ಹೊಕ್ಕುಳ ಕೆಳಗಿನ ದಾನ್‌ತ್ಯೆನ್ ಎಂಬ ಜಾಗಕ್ಕೆ ಇಳಿಸಬೇಕು ಎನ್ನುತ್ತಾರೆ. ನಮ್ಮ ಪ್ರಾಣಕ್ಕೆ ಹತ್ತಿರದ ಮಾತು ಹೌದು, ಆದರೆ ಅದು ಬೇರೆ ವೈದ್ಯಶಾಸ್ತ್ರದ್ದು, ಅದರ ನಾಡಿಗಳ ಲೆಕ್ಕವೇ ಬೇರೆ. ಎರಡನ್ನೂ ಕಲಸಿದರೆ ಎರಡೂ ಕೆಡುತ್ತವೆ. ಮೊದಲ ವರ್ಷ ನಾನು ಆ ಮಾತು ಎತ್ತುವುದೇ ಇಲ್ಲ. ‘ಇಳಿಸು’ ಎಂದರೆ ಕಲಿಯುವವರಿಗೆ ಬೇಕಾದ ಅರ್ಥ ಇಷ್ಟೇ: ಹೊಟ್ಟೆ ಬಿಗಿ ಹಿಡಿಯಬೇಡಿ, ಉಸಿರು ಎದೆಯ ಮೇಲ್ಭಾಗದಲ್ಲಿ ಸಿಕ್ಕಿಕೊಳ್ಳದೆ ಕೆಳಗಿಳಿಯಲಿ, ಭುಜದ ಭಾರ ಪಾದದ ತನಕ ಹೋಗಲಿ. ಒಂದು ಎಚ್ಚರಿಕೆ. ನೀವು ಪ್ರಾಣಾಯಾಮ ಮಾಡುವವರಾದರೆ ಕುಂಭಕವನ್ನು ಇಲ್ಲಿಗೆ ತರಬೇಡಿ. ತೈಚಿಯಲ್ಲಿ ಉಸಿರು ಹಿಡಿಯುವುದಿಲ್ಲ, ಎಣಿಸುವುದೂ ಇಲ್ಲ. ಮೂಗಿನಿಂದ ಸಹಜವಾಗಿ ಬಂದು ಹೋಗಲಿ.

ಹಾಗಾದರೆ ‘ಒಳಗೆ’ ಅಂದರೇನು? ಆ ಮಾತು ಮೊದಲು ಕಾಣುವುದು 1669ರಲ್ಲಿ. ಹುವಾಂಗ್ ಜೋಂಗ್‌ಶಿ ಎಂಬ ವಿದ್ವಾಂಸ ವಾಂಗ್ ಜೆಂಗ್‌ನಾನ್ ಎಂಬ ಮಲ್ಲವಿದ್ಯೆಯ ಗುರುವಿಗೆ ಬರೆದ ಸಮಾಧಿ ಲೇಖದಲ್ಲಿ, ಶಾವ್‌ಲಿನ್ ಮಠದ ವಿದ್ಯೆಯನ್ನು ಹೊರಗಿನದು ಎಂದೂ ಈತನದನ್ನು ‘ನೇಜಿಯಾ’ ಎಂದೂ ಕರೆದ. ನೇಜಿಯಾ ಅಂದರೆ ಅಕ್ಷರಶಃ ಒಳಮನೆ, ಒಳಗಿನ ಮನೆತನ. ತೈಜಿಚ್ವೆನ್, ಶಿಂಗ್‌ಯಿ, ಬಾಗುವಾ ಈ ಮೂರನ್ನೂ ಒಳಮನೆಯ ವಿದ್ಯೆಗಳೆಂದು ಒಟ್ಟಿಗೆ ಹೇಳುವ ರೂಢಿ ಗಟ್ಟಿಯಾದದ್ದು ಇಪ್ಪತ್ತನೆಯ ಶತಮಾನದ ಮೊದಲ ಭಾಗದಲ್ಲಿ. ಶಿಂಗ್‌ಯಿ ನೇರ ರೇಖೆಯಲ್ಲಿ ನುಗ್ಗುತ್ತದೆ, ಬಾಗುವಾ ವೃತ್ತದಲ್ಲಿ ನಡೆಯುತ್ತದೆ. ಹೊರಗೆ ನೋಡಲು ಮೂರಕ್ಕೂ ಹೋಲಿಕೆ ಕಡಿಮೆ. ಒಳಗಿನ ತರಬೇತಿ ಒಂದೇ: ಬೇಡದ ಬಿಗಿಯನ್ನು ಗುರುತಿಸಿ ಬಿಡುವುದು, ಬಿಟ್ಟ ಮೇಲೆ ಉಳಿದ ಮೈಯನ್ನು ಒಂದೇ ತುಂಡಾಗಿ ಚಲಿಸುವುದು.

ಈ ‘ಬಿಡುವುದ’ಕ್ಕೆ ಅವರ ಮಾತು ಸೊಂಗ್. ನಿಮ್ಮ ಪಾರ್ಕಿನಲ್ಲಿ ಹಿರಿಯರು ಭುಜ ತಟ್ಟಿ “ಸೊಂಗ್, ಸೊಂಗ್” ಅನ್ನುವುದನ್ನು ಖಂಡಿತ ಕೇಳಿರುತ್ತೀರಿ. ಸಡಿಲ ಎಂದು ಕನ್ನಡಕ್ಕೆ ತರಬಹುದು, ಆದರೆ ಜೋತುಬೀಳುವುದಲ್ಲ. ಹಳೆಯ ಪೂರ್ಣ ಲಿಪಿಯಲ್ಲಿ ಈ ಅಕ್ಷರದ ಮೇಲ್ಭಾಗ ಉದ್ದ ಕೂದಲನ್ನು ಸೂಚಿಸುತ್ತದೆ. ತುರುಬು ಬಿಚ್ಚಿದಾಗ ಕೂದಲು ತನ್ನ ಭಾರಕ್ಕೆ ತಾನೇ ಕೆಳಗಿಳಿಯುತ್ತದಲ್ಲ, ಒಂದು ಎಳೆಯೂ ಕಡಿಯುವುದಿಲ್ಲ, ಬುಡದಲ್ಲಿ ಗಟ್ಟಿಯಾಗಿಯೇ ಇರುತ್ತದೆ. ಸೊಂಗ್ ಅಂದರೆ ಅದು. ಕೈ ಎತ್ತಿದಾಗ ಭುಜವೂ ಜೊತೆಗೆ ಎದ್ದರೆ ಗಂಟು ಬಿಚ್ಚಿಲ್ಲ ಎಂದರ್ಥ.

ಅದನ್ನು ಕಲಿಯಲು ಫಾರ್ಮಿಗಿಂತ ನೇರವಾದ ದಾರಿ ನಿಲ್ಲುವುದು. ಕಂಬದ ನಿಲುವು ಎನ್ನಬಹುದು, ಅವರು ಜಾನ್‌ಜ್ವಾಂಗ್ ಅನ್ನುತ್ತಾರೆ. ಶಿಂಗ್‌ಯಿ ಕಲಿತು ಬಂದ ವಾಂಗ್ ಶಿಯಾಂಗ್‌ಜಾಯ್ (1885–1963) ಇದನ್ನೇ ತನ್ನ ಇಡೀ ಪದ್ಧತಿಯ ಬುಡವಾಗಿ ಮಾಡಿಕೊಂಡರು. ಪಾದಗಳು ಭುಜದಗಲ, ಮೊಣಕಾಲು ಬೀಗ ಹಾಕಿಲ್ಲ ಅನ್ನುವಷ್ಟು ಮಾತ್ರ ಬಾಗಿದೆ, ಕೈಗಳು ಎದೆಯ ಮುಂದೆ ಮರ ತಬ್ಬಿದ ಹಾಗೆ. ಐದು ನಿಮಿಷದಿಂದ ಶುರು ಮಾಡಿ. ಮೊದಲ ನಿಮಿಷ ಸುಲಭ. ಎರಡನೆಯ ನಿಮಿಷಕ್ಕೆ ಭುಜದ ಮೇಲ್ಭಾಗ ಉರಿಯತೊಡಗುತ್ತದೆ. ಗಮನಿಸಿ ನೋಡಿದರೆ ಭುಜ ಕಿವಿಯ ಕಡೆಗೆ ಎದ್ದಿರುತ್ತದೆ, ನೀವು ಎತ್ತಿದ್ದಲ್ಲ. ಬಿಡಿ, ಇಳಿಯುತ್ತದೆ. ಅರ್ಧ ನಿಮಿಷಕ್ಕೆ ಯಾವುದೋ ಇಮೇಲ್ ನೆನಪಾಗುತ್ತದೆ. ಮತ್ತೆ ಭುಜ ನೋಡಿಕೊಳ್ಳಿ, ಎದ್ದಿರುತ್ತದೆ! ಈ ಒಂದು ವಿಷಯ ಕಣ್ಣಾರೆ ಕಂಡ ದಿನ ಮನಸ್ಸು, ಮೈ ಎರಡು ಬೇರೆ ತರಬೇತಿಗಳಲ್ಲ ಎಂದು ಯಾರೂ ಹೇಳಿಕೊಡಬೇಕಾಗಿಲ್ಲ. ಯೋಚನೆ ಭುಜದಲ್ಲಿ ಬಿಗಿಯಾಗಿ ಬಂದು ಕೂರುತ್ತದೆ, ಭುಜ ಬಿಟ್ಟರೆ ಯೋಚನೆಯ ಹಿಡಿತವೂ ತುಸು ಸಡಿಲುತ್ತದೆ. ಮೆಲ್ಲಗೆ ಇಪ್ಪತ್ತು ನಿಮಿಷದ ತನಕ ಹೋಗಿ. ಮೊಣಕಾಲು ನೋಯುತ್ತಿರುವ ದಿನಗಳಲ್ಲಿ ಇನ್ನೂ ನೆಟ್ಟಗೆ ನಿಂತು ಮಾಡಿ.

ನಿಧಾನ ಯಾಕೆ ಎಂದು ನೀವು ಕೇಳಿಲ್ಲ, ಆದರೂ ಹೇಳಬೇಕೆನ್ನಿಸುತ್ತದೆ. ತೈಚಿಯ ಹಳೆಯ ಗುರು ವು ಯೂಶಿಯಾಂಗ್ (1812–1880) ಅವರ ಹೆಸರಿನಲ್ಲಿ ಬಂದಿರುವ ಬರಹದಲ್ಲಿ, ಹೆಜ್ಜೆ ಬೆಕ್ಕಿನ ನಡಿಗೆಯಂತಿರಲಿ, ಬಲದ ಹರಿವು ರೇಷ್ಮೆ ನೂಲು ಎಳೆದಂತಿರಲಿ ಎಂಬ ಮಾತಿದೆ. ನೀವು ಮೈಸೂರಿನವರು, ರಾಮನಗರದ ಕಡೆ ಬಿಸಿನೀರಿನಲ್ಲಿ ಕುಣಿಯುವ ಗೂಡುಗಳಿಂದ ನೂಲು ಬಿಚ್ಚುವುದನ್ನು ನೋಡಿರಬಹುದು. ಜಗ್ಗಿದರೆ ಎಳೆ ಕಡಿಯುತ್ತದೆ, ಎಳೆಯದೆ ಬಿಟ್ಟರೆ ಸಿಕ್ಕುಬೀಳುತ್ತದೆ. ಒಂದೇ ಸಮನಾಗಿ ಬರಬೇಕು. ತೈಚಿಯ ನಿಧಾನ ಅದೇ. ಬೇಗ ಮಾಡಿದರೆ ಹಿಂದಿನ ಕಾಲಿನ ವೇಗವೇ ನಿಮ್ಮನ್ನು ಮುಂದಕ್ಕೆ ಎಸೆಯುತ್ತದೆ, ತೂಕ ಎಲ್ಲಿ ಕಡಿದುಹೋಯಿತು ಎಂದು ಗೊತ್ತಾಗುವುದಿಲ್ಲ.

ಒಂಟಿ ಕಾಲಿನ ಮೇಲೆ ಹೀಗೆ ನಿಧಾನವಾಗಿ ತೂಕ ಬದಲಾಯಿಸುವುದರಿಂದ ಮೈಗೆ ಆಗುವ ಲಾಭವನ್ನು ವೈದ್ಯರು ಚೆನ್ನಾಗಿಯೇ ಅಳೆದಿದ್ದಾರೆ. 2012ರಲ್ಲಿ ಅಮೆರಿಕದ ಒರೆಗಾನ್‌ನಲ್ಲಿ ಪಾರ್ಕಿನ್ಸನ್ ಕಾಯಿಲೆ ಇರುವ 195 ಜನರ ಮೇಲೆ ನಡೆದ ಅಧ್ಯಯನದಲ್ಲಿ, ವಾರಕ್ಕೆ ಎರಡು ದಿನ, ಒಂದೊಂದು ಗಂಟೆಯಂತೆ 24 ವಾರ ತೈಚಿ ಮಾಡಿದವರ ಸಮತೋಲ, ಭಾರ ಎತ್ತುವ ವ್ಯಾಯಾಮ ಮಾಡಿದವರಿಗಿಂತಲೂ ಮೈ ಹಿಗ್ಗಿಸುವ ವ್ಯಾಯಾಮ ಮಾಡಿದವರಿಗಿಂತಲೂ ಚೆನ್ನಾಗಿತ್ತು. ನಿಮಗೆ ಹೆಚ್ಚು ಹತ್ತಿರದ್ದು 2016ರದು. ಬಾಸ್ಟನ್‌ನಲ್ಲಿ ಮೊಣಕಾಲು ಸವೆತದ 204 ಜನರಲ್ಲಿ ಅರ್ಧದಷ್ಟು ಮಂದಿ 12 ವಾರ ತೈಚಿ ಮಾಡಿದರು, ಉಳಿದವರು ಫಿಸಿಯೋಥೆರಪಿ ಪಡೆದರು. ನೋವು ಎರಡೂ ಕಡೆ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ಇಳಿಯಿತು. ಅಂದರೆ ಇದೇ ಕಲೆ ಸರಿಯಾಗಿ ಮಾಡಿದರೆ ಮೊಣಕಾಲಿಗೆ ಮದ್ದು, ತಪ್ಪಾಗಿ ಮಾಡಿದರೆ ನಿಮ್ಮ ಹಾಗೆ ಹೊಸ ನೋವು.

ನಿಮ್ಮ ಮಗನ ಅನುಮಾನಕ್ಕೆ ಬರೋಣ. ಹುಟ್ಟಿದಾಗ ಇದು ಹೊಡೆದಾಟದ ಕಲೆಯೇ. ಹೆನಾನ್ ಪ್ರಾಂತ್ಯದ ವೆನ್ ಕೌಂಟಿಯ ಚೆನ್‌ಜಿಯಾಗೌ ಎಂಬ ಹಳ್ಳಿಯಲ್ಲಿ ಹದಿನೇಳನೆಯ ಶತಮಾನದ ಚೆನ್ ವಾಂಗ್‌ಟಿಂಗ್‌ನಿಂದ ಇದರ ಜಾಡು ಸಿಗುತ್ತದೆ. ಆತ ಮಿಂಗ್ ರಾಜವಂಶದ ಕೊನೆಗಾಲದ ಸೈನಿಕ. ವುದಾಂಗ್ ಬೆಟ್ಟದ ತಾವೋ ಸನ್ಯಾಸಿ ಹಾವು, ಹಕ್ಕಿಯ ಕಾದಾಟ ನೋಡಿ ಸೃಷ್ಟಿಸಿದ ಎಂಬ ಕಥೆ ಚೆಂದ, ಆಧಾರವಿಲ್ಲ. ಆ ಹಳ್ಳಿಯ ಚೆನ್ ಚಾಂಗ್‌ಶಿಂಗ್ (1771–1853) ಅವರಿಂದ ಕಲಿತ ಹೊರಗಿನವರು ಯಾಂಗ್ ಲೂಚಾನ್ (1799–1872). ಅವರು ಬೀಜಿಂಗ್‌ಗೆ ಹೋಗಿ ಅರಮನೆಯ ಜನರಿಗೆ ಕಲಿಸಿದರು, ಸೋಲರಿಯದ ಯಾಂಗ್ ಎಂದೇ ಹೆಸರಾದರು. ಮೊಮ್ಮಗ ಯಾಂಗ್ ಚೆಂಗ್‌ಫು ಕಾಲಕ್ಕೆ ನೆಗೆತ, ಸಿಡಿತ ತಗ್ಗಿ ಈಗ ಕಾಣುವ ದೊಡ್ಡ, ನಿಧಾನದ ರೂಪ ಬಂತು. ನಿಮ್ಮ 24 ಭಂಗಿ ಇನ್ನೂ ಈಚಿನದು. 1956ರಲ್ಲಿ ಚೀನಾ ಸರ್ಕಾರದ ಕ್ರೀಡಾ ಆಯೋಗ ಜನಸಾಮಾನ್ಯರ ಆರೋಗ್ಯಕ್ಕೆಂದು ಯಾಂಗ್ ಶೈಲಿಯ ಉದ್ದ ಫಾರ್ಮಿನಿಂದ ಆಯ್ದು ಜೋಡಿಸಿದ್ದು, ಐದಾರು ನಿಮಿಷದ್ದು. ಅದನ್ನು ಬಾಗಿಲು ಎಂದುಕೊಳ್ಳಿ.

ಆದರೆ ಮಗನ ಮಾತಿನಲ್ಲಿ ಸತ್ಯವೂ ಇದೆ. 2017ರಲ್ಲಿ ಚೆಂಗ್ದು ನಗರದಲ್ಲಿ ಶೂ ಶಿಯಾವ್‌ದಾಂಗ್ ಎಂಬ ಮಿಶ್ರ ಸಮರಕಲೆಯ ಹೋರಾಟಗಾರ ಒಬ್ಬ ತೈಚಿ ಗುರುವನ್ನು ಅರ್ಧ ನಿಮಿಷದೊಳಗೆ ನೆಲಕ್ಕೆ ಕೆಡವಿದ. ಚೀನಾದ ತುಂಬ ಗದ್ದಲವಾಯಿತು. ನನಗೆ ಅದರಲ್ಲಿ ಆಶ್ಚರ್ಯ ಕಾಣಲಿಲ್ಲ. ಎದುರಾಳಿಯ ಏಟು ತಿನ್ನದೆ, ವಿರೋಧಿಸುವ ಮೈಯ ಜೊತೆ ಬೆವರು ಸುರಿಸದೆ, ಬರೀ ನಿಧಾನದ ಫಾರ್ಮ್ ಮಾಡಿ ಕಾದಾಡಲು ಬರುವುದಿಲ್ಲ. ಮುಟ್ಟದೆ ಶಿಷ್ಯರನ್ನು ಹಾರಿಸುವ ವಿಡಿಯೋಗಳನ್ನು ನಾನು ನಂಬುವುದಿಲ್ಲ, ನೀವೂ ನಂಬಬೇಡಿ. ಅಂಥವು ಈ ಕಲೆಗೆ ಮಾಡಿರುವ ಹಾನಿ ದೊಡ್ಡದು.

ತಡವಾಯಿತೇ ಅಂದಿರಿ. ಸುನ್ ಲೂತಾಂಗ್ (1860–1933) ಶಿಂಗ್‌ಯಿ, ಬಾಗುವಾಗಳಲ್ಲಿ ಹೆಸರು ಮಾಡಿದ ಮೇಲೆ, ಐವತ್ತು ದಾಟಿದ ನಂತರ ತೈಜಿಚ್ವೆನ್‌ಗೆ ವಿದ್ಯಾರ್ಥಿಯಾದರು. ಬೀಜಿಂಗ್‌ಗೆ ಬಂದು ಕಾಯಿಲೆ ಬಿದ್ದಿದ್ದ ತೈಜಿಚ್ವೆನ್ ಗುರು ಹಾವ್ ವೇಜೆನ್ ಅವರನ್ನು ಸುನ್ ಆರೈಕೆ ಮಾಡಿದರು, ಗುಣವಾದ ಮೇಲೆ ಆ ಋಣಕ್ಕೆ ಹಾವ್ ತಮ್ಮ ವಿದ್ಯೆ ಹೇಳಿಕೊಟ್ಟರು. ಅದರಿಂದ ಸುನ್ ಶೈಲಿಯೇ ಹುಟ್ಟಿತು. ಅವರ ಹಿಂದೆ ದಶಕಗಳ ತಾಲೀಮು ಇತ್ತು, ನಿಮ್ಮ ಹಿಂದೆ ಇಲ್ಲ, ನಿಜ. ಆದರೆ ಸುನ್ ಶೈಲಿಯ ಎತ್ತರದ ನಿಲುವು, ಮುಂದೆ ಹೋದ ಕಾಲಿನ ಹಿಂದೆಯೇ ಇನ್ನೊಂದು ಕಾಲು ಬಂದು ಸೇರುವ ಹೆಜ್ಜೆ, ಮೊಣಕಾಲು ನೋವಿನವರಿಗೆ ಇವತ್ತಿಗೂ ಅನುಕೂಲ. ನಿಮ್ಮ ಊರಿನಲ್ಲಿ ಕಲಿಸುವವರು ಸಿಕ್ಕರೆ ಒಮ್ಮೆ ನೋಡಿ.

ಕೊನೆಗೆ ಆ ತಳ್ಳಾಟ. ಅದರ ಹೆಸರು ತ್ವೇಶೌ, ಕೈ ತಳ್ಳುವುದು. ನೀವು ಸಂಕೋಚಪಟ್ಟು ದೂರ ನಿಲ್ಲುತ್ತಿರುವುದು ಕಲೆಯ ಅರ್ಧ ಭಾಗದಿಂದ. ಒಬ್ಬರೇ ಫಾರ್ಮ್ ಮಾಡುವಾಗ ನಾನು ಸಡಿಲವಾಗಿದ್ದೇನೆ ಎಂದು ಎಷ್ಟು ಬೇಕಾದರೂ ಅಂದುಕೊಳ್ಳಬಹುದು. ಎದುರಿನವರ ಮುಂಗೈ ನಿಮ್ಮ ಮುಂಗೈಗೆ ತಾಗಿದ ಗಳಿಗೆಯಲ್ಲಿ ಸತ್ಯ ಗೊತ್ತಾಗುತ್ತದೆ. ನನಗೆ ನಡೆಯಲು ಕಲಿಸಿದ ಆ ಹಿರಿಯರ ಎದೆಗೆ ಮೊದಲ ಸಲ ಕೈ ಇಟ್ಟು ತಳ್ಳಿದಾಗ, ಮುಚ್ಚಿದೆ ಅಂದುಕೊಂಡ ಬಾಗಿಲಿಗೆ ಹೆಗಲು ಕೊಟ್ಟವನ ಹಾಗೆ ನಾನೇ ಮುಂದಕ್ಕೆ ಮುಗ್ಗರಿಸಿದೆ. ಅವರು ಪಕ್ಕಕ್ಕೆ ಸರಿದಿರಲಿಲ್ಲ, ಪಾದ ಅಲ್ಲೇ ಇತ್ತು. ಎದೆಯಿಂದ ಸೊಂಟಕ್ಕೆ, ಸೊಂಟದಿಂದ ಹಿಂಗಾಲಿಗೆ ನನ್ನ ಬಲ ಇಳಿದು ಹೋಗಲು ದಾರಿ ಬಿಟ್ಟಿದ್ದರು. ಮಗನನ್ನೂ ಒಂದು ದಿನ ಪಾರ್ಕಿಗೆ ಕರೆದುಕೊಂಡು ಹೋಗಿ, ಅಂಥ ಹಿರಿಯರನ್ನು ತಳ್ಳಲು ಹೇಳಿ.

ಆರು ವಾರ ನಡಿಗೆ, ನಿಲುವು ಮಾಡಿ. ಮೊಣಕಾಲು ಸುಮ್ಮನಾದ ಮೇಲೆ ಗುಂಪಿನಲ್ಲಿ ಅತ್ಯಂತ ಮೆತ್ತಗೆ ತಳ್ಳುವವರು ಯಾರು ಎಂದು ನೋಡಿಕೊಳ್ಳಿ, ಸಾಮಾನ್ಯವಾಗಿ ಎಲ್ಲರಿಗಿಂತ ವಯಸ್ಸಾದವರೇ ಆಗಿರುತ್ತಾರೆ. ಅವರ ಮುಂದೆ ಹೋಗಿ ಕೈ ಚಾಚಿ, ಭಾಷೆ ಬೇಕಾಗುವುದಿಲ್ಲ. ಗೆಲ್ಲಲು ನೋಡಬೇಡಿ, ತಳ್ಳಲೂ ಬೇಡಿ. ಅವರ ಕೈ ತಾಗಿದಾಗ ನಿಮ್ಮ ಮೈಯಲ್ಲಿ ಮೊದಲು ಬಿಗಿಯಾದದ್ದು ಯಾವ ಜಾಗ ಎಂದಷ್ಟೇ ನೋಡಿ. ಭುಜವೋ, ಹೊಟ್ಟೆಯೋ, ದವಡೆಯೋ. ಅದು ಗೊತ್ತಾದ ದಿನ ನನಗೆ ಮತ್ತೆ ಬರೆಯಿರಿ.